ಬಸ್ಸು ನಿಲ್ಲಿಸಿ ಹಲ್ಲು ತಟ್ಟಿದ ಡಾಕ್ಟರಮ್ಮ

ವರಲಕ್ಷ್ಮಿ ಡಾಕ್ಟರು ಯಾರನ್ನೂ ‘ನೋವಿದೆಯಾ’ ಎಂದು ಕೇಳುತ್ತಿರಲಿಲ್ಲ. ಕೈಯಲ್ಲಿದ್ದ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲನ್ನು ಟಕ್ ಟಕ್ ಎಂದು ತಟ್ಟಿ, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಕಿವಿಗೊಡುತ್ತಿದ್ದರು. ನೋವಿದ್ದವನು ಹೇಗೂ ಕುರ್ಚಿಯಿಂದ ಹಾರುತ್ತಿದ್ದ. “ನಾಲಿಗೆ ಸುಳ್ಳು ಹೇಳ್ತದೆ ನಾಯ್ನಾ, ಹಲ್ಲು ಹೇಳಲ್ಲ” ಎನ್ನುತ್ತಿದ್ದರು.

ಮುಳಬಾಗಿಲಿನ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಎರಡು ಕೋಣೆಗಳೇ ಅವರ ಕ್ಲಿನಿಕ್. ನಾನು ಮುಳಬಾಗಿಲಿನಿಂದ ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸು ಓಡಿಸುವವನು. ದವಡೆ ಹಲ್ಲು ಕೊಳೆತು ಕೆನ್ನೆ ಊದಿಕೊಂಡಾಗ ಅವರ ಮೆಟ್ಟಿಲು ಹತ್ತಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ತೊಗರಿಬೇಳೆಯಷ್ಟು ಕಪ್ಪು ಕಾಣಿಸಿತು.

“ಕೀವು ಮೂಳೇನ ತಿಂದೈತೆ. ರೂಟ್ ಕೆನಾಲ್ ಮಾಡ್ಬೇಕು. ಮೂರು ಸಲ ಬಾ.”

“ಕೋಲಾರದಲ್ಲಿ ಒಂದೇ ಸಲಕ್ಕೆ ಮುಗಿಸ್ತಾರಂತಲ್ಲಮ್ಮ. ನಂಗೆ ರಜ ಸಿಗಲ್ಲ” ಎಂದೆ.

“ಒಳಗೆ ಒಣಗಿದ್ರೆ ನಾನೂ ಒಂದೇ ಸಲಕ್ಕೆ ಮುಗಿಸ್ತೀನಿ. ನಿಂದಿನ್ನೂ ಸೋರ್ತಾ ಐತೆ. ಒದ್ದೆ ಗೋಡೆಗೆ ಯಾರಾದ್ರೂ ಸುಣ್ಣ ಬಳೀತಾರಾ?”

ಬೇರಿನ ಒಳಗನ್ನು ಅರದಂಥ ಸಣ್ಣ ಸೂಜಿಗಳಿಂದ ಕೆರೆದು ತೊಳೆದರು. ತೆಳ್ಳನೆಯ ಕಾಗದದ ಕಡ್ಡಿಯೊಂದನ್ನು ಇಳಿಸಿ, ತೆಗೆದು ಬೆಳಕಿಗೆ ಹಿಡಿದರು. ತುದಿ ಒದ್ದೆಯಾಗಿತ್ತು. ಒಳಗೆ ಔಷಧಿಯಿಟ್ಟು, ಮೇಲೆ ತಾತ್ಕಾಲಿಕ ಮುಚ್ಚಳ ಹಾಕಿ, ಮುಂದಿನ ವಾರ ಬರಲು ಹೇಳಿದರು.

ಮೂರೇ ದಿನಕ್ಕೆ ನೋವು ಹೋಯಿತು. ನಾನು ಹೋಗಲಿಲ್ಲ. ನೋವು ಹೋದ ಮೇಲೂ ಡಾಕ್ಟರ ಹತ್ತಿರ ಹೋಗುವವನನ್ನು ನಮ್ಮ ಕಡೆ ಬುದ್ಧಿವಂತ ಅನ್ನುವುದಿಲ್ಲ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಮೊದಲ ಶಿಫ್ಟಿನವರನ್ನು ತುಂಬಿಕೊಂಡು ಹೊರಟಿದ್ದೆ. ವಾಕಿಂಗ್ ಬಂದಿದ್ದ ಡಾಕ್ಟರಮ್ಮ ರಸ್ತೆಗೆ ಛತ್ರಿ ಅಡ್ಡ ಹಿಡಿದರು. ಬಸ್ಸು ಹತ್ತಿದವರೇ “ಬಾಯಿ ತೆಗಿ” ಅಂದರು. ಬಸ್ಸಿಗೆ ಬಸ್ಸೇ ಕತ್ತು ಉದ್ದ ಮಾಡಿ ನೋಡುತ್ತಿತ್ತು. ಪೆನ್ನಿನ ಹಿಂಬದಿಯಿಂದ ಹಲ್ಲು ತಟ್ಟಿದರು. ನಾನು ಸೀಟಿನಿಂದ ಎದ್ದೇಬಿಟ್ಟೆ.

“ಮುಚ್ಚಳ ಅರ್ಧ ಉದುರೈತೆ. ಎಂಜಲೆಲ್ಲಾ ಒಳಗೋಗ್ತಾ ಐತೆ. ಸಾಯಂಕಾಲ ಬರ್ದಿದ್ರೆ ನಾಳೆ ಇಲ್ಲೇ ಕಿತ್ತಾಕ್ತೀನಿ.”

“ಈಗ್ಲೇ ಕಿತ್ತುಬಿಡಿ ಮೇಡಂ, ನಮ್ಗೆ ಲೇಟಾಗ್ತದೆ” ಎಂದು ಹಿಂದಿನ ಸೀಟಿನ ಹುಡುಗಿಯೊಬ್ಬಳು ಕೂಗಿದಳು. ನರಸಾಪುರ ಬರುವವರೆಗೂ ನಗು ನಿಲ್ಲಲಿಲ್ಲ.

ಸಂಜೆ ಹೋದೆ. ಕೆರೆಯುವುದು, ತೊಳೆಯುವುದು ಎಲ್ಲ ಮತ್ತೆ ಮೊದಲಿನಿಂದ. ಕಡ್ಡಿ ಒಣಗಿ ಬಂದ ದಿನ ಅದನ್ನು ನನ್ನ ಕಣ್ಣ ಮುಂದೆ ಆಡಿಸಿ ತೋರಿಸಿ, ಬೇರನ್ನು ತುಂಬಿದರು. ಮುಂದಿನ ವಾರ ಕ್ಯಾಪ್ ಹಾಕಿದರು.

ಅವತ್ತೇ ಬೀರು ತೆರೆದು ಎರಡು ಕಂತೆ ಕವರುಗಳನ್ನು ತೋರಿಸಿದ್ದು. ಒಂದೇ ಸಲಕ್ಕೆ ಮುಗಿಸಿದ ಹಲ್ಲುಗಳ ಎಕ್ಸ್‌ರೇ ಒಂದರಲ್ಲಿ, ಹಲವು ಸಲ ಕರೆಸಿ ಮಾಡಿದವು ಇನ್ನೊಂದರಲ್ಲಿ. ಪ್ರತಿ ಕವರಿನ ಮೇಲೂ ‘ಒಂದು ವರ್ಷದ ಮೇಲೆ’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು. ಹೆಚ್ಚಿನವು ಖಾಲಿಯಾಗಿಯೇ ಇದ್ದವು.

“ಕಪ್ಪು ಹೋಗಿ ಮೂಳೆ ತುಂಬ್ಕೊಳ್ಳೋಕೆ ಟೈಮ್ ಬೇಕು ಕಣಪ್ಪ. ಹೆಂಗೆ ಮಾಡಿದ್ರೆ ಚೆನ್ನಾಗಿ ತುಂಬ್ತದೆ ಅಂತ ನೋಡೋ ಆಸೆ ನಂಗೆ. ವಾಸಿಯಾದೋರು ಒಬ್ರೂ ಬರಲ್ಲ. ಬರೋರೆಲ್ಲಾ ವಾಸಿಯಾಗ್ದೋರೇ. ಹಂಗಾದ್ರೆ ನನ್ನ ಕೈಕೆಲಸಾನ ನಾನು ಹೆಂಗೆ ನಂಬೋದು? ನೀನಾದ್ರೂ ಬಾ.”

ಬರ್ತೀನಿ ಅಂದೆ. ವರ್ಷ ಕಳೆಯಿತು. ದಿನಕ್ಕೆರಡು ಸಲ ಕ್ಲಿನಿಕ್ಕಿನ ಮುಂದೆ ಹಾರನ್ ಹೊಡೆದು ಹೋಗುತ್ತಿದ್ದೆ. ಅವರು ಕಿಟಕಿಯಲ್ಲಿ ನಿಂತು ತಮ್ಮ ಕೆನ್ನೆ ಮುಟ್ಟಿ ತೋರಿಸುತ್ತಿದ್ದರು. ನಾನು ‘ನಾಳೆ’ ಎಂದು ಕೈಯಾಡಿಸುತ್ತಿದ್ದೆ. ಹಲ್ಲು ಕಬ್ಬು ಸಿಗಿಯುವಷ್ಟು ಗಟ್ಟಿಯಾಗಿತ್ತು.

ಒಂದು ಸೋಮವಾರ ಕಿಟಕಿ ಮುಚ್ಚಿತ್ತು. ಹಿಂದಿನ ದಿನ ಎದೆನೋವು ಬಂದು ಹೋಗಿಬಿಟ್ಟರು ಎಂದು ಮೆಡಿಕಲ್ ಸ್ಟೋರಿನವರು ಹೇಳಿದರು. ಕ್ಲಿನಿಕ್ ಖಾಲಿ ಮಾಡುವಾಗ ಡಾಕ್ಟರಮ್ಮನ ತಂಗಿ ಆ ಕವರುಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ನನ್ನದನ್ನು ಹುಡುಕಿ ತೆಗೆದುಕೊಂಡೆ.

ಸಿಗದ ರಜ ಆಗ ಸಿಕ್ಕಿತು. ಕೋಲಾರದ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊಸ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕದಲ್ಲಿಟ್ಟರು. ಕಪ್ಪು ಇರಲಿಲ್ಲ.

“ಮೂಳೆ ಪೂರ್ತಿ ತುಂಬಿದೆ. ಯಾರು ಮಾಡಿದ್ದು?”

ಹೆಸರು ಹೇಳಿದೆ. ಹತ್ತು ನಿಮಿಷದ ಕೆಲಸ. ಅಷ್ಟನ್ನು ಅವರಿಗೆ ಕೊಡಲಿಲ್ಲವಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಕೂತು, ಕವರಿನ ಮೇಲೆ ಅವರು ಬಿಟ್ಟಿದ್ದ ಜಾಗದಲ್ಲಿ ‘ವಾಸಿಯಾಗಿದೆ’ ಎಂದು ಬರೆದೆ. ಅವರಿದ್ದಿದ್ದರೆ ಅಷ್ಟಕ್ಕೇ ಒಪ್ಪುತ್ತಿರಲಿಲ್ಲ, ಬಾಯಿ ತೆಗಿ ಅನ್ನುತ್ತಿದ್ದರು. ಬರೆದ ಪೆನ್ನನ್ನೇ ತಿರುಗಿಸಿ ಹಲ್ಲನ್ನು ಎರಡು ಸಲ ತಟ್ಟಿಕೊಂಡೆ. ಹಲ್ಲು ನೋಯಲಿಲ್ಲ.