ಕಾಲುವೆ ನೋಡಿ ಬರುವ ವಾಸನೆ

ವಾಸನೆ ಹಿಡಿಯುವಾಗ ಆಕೆಯ ಮೂಗಿನ ಹೊಳ್ಳೆಗಳು ಅರಳಿ, ಎಡಗಡೆಯ ಕೆಂಪು ಹರಳಿನ ಮೂಗುಬಟ್ಟು ತುಸು ಮೇಲೇರುತ್ತಿತ್ತು. ಅದು ಏರಿತೆಂದರೆ ಮನೆಯಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ. ಜೋಳದ ಹಿಟ್ಟಿನ ಡಬ್ಬಿ, ಟ್ರಂಕಿನೊಳಗಿನ ಸೀರೆ, ಉಪ್ಪಿನಕಾಯಿಯ ಭರಣಿ, ಮಕ್ಕಳ ತಲೆ, ಯಾವುದನ್ನೂ ಮೂಸದೆ ಬಿಟ್ಟವಳಲ್ಲ. "ಸುಣ್ಣ ಬಳದು ಕಣ್ಣಿಗಿ ಮೋಸ ಮಾಡಬಹುದು ತಂಗಿ, ಮೂಗಿಗಿ ಮಾಡಾಕ ಬರಂಗಿಲ್ಲ," ಅನ್ನುತ್ತಿದ್ದಳು.

ಆಕೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಹಿರಿಯ ನೆಗೆಣ್ಣಿ. ಅಕ್ಕ ಅಂತಲೇ ಕರೆದೆ, ಅಕ್ಕ ಅಂತಲೇ ಬರೆಯುತ್ತೇನೆ. ರಂಗಂಪೇಟೆಯ ಮಗಳು. ದನಿ ದೊಡ್ಡದು, ಕೈ ಚುರುಕು, ಸಿಟ್ಟು ಮೂಗಿನ ತುದಿಯಲ್ಲೇ. ನಾನು ಮುದನಾಳದಿಂದ ಆ ಮನೆಗೆ ಸೊಸೆಯಾಗಿ ಹೋದಾಗ ಮೊದಲ ದಿನವೇ ನನ್ನ ಹಾಸಿಗೆಯ ಕೌದಿಯನ್ನು ತಿರುವಿ ಹಾಕಿ, ಕೆಳಭಾಗವನ್ನು ಅಂಗೈಯಿಂದ ಒತ್ತಿ ನೋಡಿ, "ಈ ಮನ್ಯಾಗ ಕೌದಿ ದಿನಾ ಬಿಸಲಿಗಿ ಹಾಕಬೇಕವ್ವ, ಇಲ್ಲಂದ್ರ ಬೂಸು ಹಿಡೀತದ," ಅಂದಿದ್ದಳು. ಹೊಸ ಸೊಸೆಗೆ ಹೇಳುವ ಮೊದಲ ಮಾತು ಇದೇನಾ ಅಂತ ನನಗೆ ನಗು ಬಂದಿತ್ತು.

ಊರು ಶಹಾಪುರ ಸುರಪುರದ ನಡುವೆ, ಕಾಲುವೆಯ ಕೆಳಗೆ. ಕಾಲುವೆ ಬಂದು ಕೆಲವು ವರ್ಷಗಳಾಗಿದ್ದವು. ಜೋಳ ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಮೊಣಕಾಲುದ್ದ ನೀರು ನಿಂತು ಭತ್ತ ಬೆಳೆಯತೊಡಗಿತ್ತು. ಎಲ್ಲರ ಬಾಯಲ್ಲೂ ಕಾಲುವೆಯ ಗುಣಗಾನ. ಅದರಲ್ಲಿ ಸುಳ್ಳೇನಿಲ್ಲ, ನಾವೂ ಅದರ ಅನ್ನ ಉಂಡವರೇ. ನಮ್ಮ ಭಾವ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ಹಿತ್ತಲ ಗೋಡೆಗೆ ತಾಗಿದ್ದ ತುಂಡು ಹೊಲವನ್ನೂ ಗದ್ದೆ ಮಾಡಿದ್ದರು. ಗೋಡೆಯ ಆಚೆ ನೀರು, ಈಚೆ ಹಿಂದಿನ ಕೋಣೆ. ಆ ಕೋಣೆ ಅಕ್ಕನದು.

ಆ ಕೋಣೆಯಲ್ಲಿ ಒಂದು ವಾಸನೆ ಇತ್ತು. ಹಳೆಯ ಗೋಣಿಚೀಲ ನೆನೆದು ಮೂಲೆಯಲ್ಲಿ ಬಿದ್ದಾಗ ಬರುವ ಮುಗ್ಗಲು ವಾಸನೆ. ಎಷ್ಟು ಸಾರಿಸಿದರೂ, ಎಷ್ಟು ಲೋಬಾನ ಹಾಕಿದರೂ ಹೋಗುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಮನೆಯೊಂದು ನಾರಿದರೆ ಜನ ಗೋಡೆ ನೋಡುವುದಿಲ್ಲ, ನೆಲ ನೋಡುವುದಿಲ್ಲ, ನೇರ ಆ ಮನೆಯ ಹೆಂಗಸಿನ ಮುಖ ನೋಡುತ್ತಾರೆ. ನಮ್ಮ ಅತ್ತೆಯವರು ಬಂದವರ ಎದುರಿಗೇ, "ಹೆಣ್ಣು ಹೊಲಸಿದ್ರ ಮನಿ ನಾರ್ತದವ್ವ, ಏನ್ ಮಾಡಾಕಾಗ್ತದ," ಅನ್ನುತ್ತಿದ್ದರು. ದಿನಕ್ಕೆ ಎರಡು ಸಲ ನೆಲ ಒರೆಸುವ, ಹಬ್ಬಕ್ಕೊಮ್ಮೆ ಅಟ್ಟದ ಮೇಲಿನ ಪಾತ್ರೆಯನ್ನೂ ತೊಳೆಯುವ ಹೆಂಗಸಿಗೆ ಈ ಮಾತು!

ಅಕ್ಕ ಸುಮ್ಮನಿರುವವಳಲ್ಲ. ಒಂದು ದಿನ ಅತ್ತೆ ಹಾಗೆಯೇ ಅಂದಾಗ, ಭಾವನೂ ಊಟಕ್ಕೆ ಕುಳಿತಿದ್ದರು, ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟು ಕೇಳಿಯೇಬಿಟ್ಟಳು: "ಮಳಿಗಾಲ ಹೋಗಿ ಎರಡ ತಿಂಗಳಾತ್ರಿ ಅತ್ತಿ. ಈಗ್ಯಾಕ ನಾರಾಕತ್ತದ ಹೇಳ್ರಿ? ಕಾಲುವಿಗಿ ನೀರು ಬಿಟ್ಟಾಗೊಮ್ಮಿ ನಾರ್ತದ, ಬ್ಯಾಸಗ್ಯಾಗ ಕಾಲುವಿ ಬಂದ್ ಆತಂದ್ರ ಸುಮ್ಮನಾಗ್ತದ. ನನ್ನ ಹೊಲಸು ಏನು ಕಾಲುವಿ ನೋಡಿ ಬರ್ತದೇನ್ರಿ?"

ಭಾವ ತಟ್ಟೆಯಿಂದ ತಲೆ ಎತ್ತದೆ, "ಬಾಯಿ ಭಾಳಾತು ನಿಂದು," ಅಂದರು. ಹೇಳಿಬಿಡುತ್ತೇನೆ, ಭಾವ ವರ್ಷದ ಮುಕ್ಕಾಲು ಭಾಗ ಮಾಳಿಗೆಯ ಮೇಲೋ ಹೊಲದ ಗುಡಿಸಲಿನಲ್ಲೋ ಮಲಗುವವರು. ಮಕ್ಕಳಿಬ್ಬರೂ ಅಜ್ಜಿಯ ಜೊತೆ ಪಡಸಾಲೆಯಲ್ಲಿ. ಆ ಕೋಣೆಯ ಗಾಳಿಯನ್ನು ಇಡೀ ರಾತ್ರಿ ಕುಡಿಯುತ್ತಿದ್ದವಳು ಅಕ್ಕ ಒಬ್ಬಳೇ.

ಆಮೇಲೆ ಭಾವ ಶಹಾಪುರದಿಂದ ಹಸಿರು ಆಯಿಲ್ ಪೇಂಟ್ ತಂದು ಹಿಂದಿನ ಗೋಡೆಗೆ ಹೊಡೆಸಿದರು. ನಾಕು ದಿನ ಪೇಂಟಿನ ವಾಸನೆ, ಮನೆಮಂದಿಗೆಲ್ಲ ಸಮಾಧಾನ. ಕಾಲುವೆಗೆ ಮತ್ತೆ ನೀರು ಬಂದಾಗ ಗೋಡೆಯ ಬುಡದಲ್ಲಿ ಪೇಂಟ್ ಬೊಬ್ಬೆ ಬೊಬ್ಬೆಯಾಗಿ ಉಬ್ಬಿತು. ಅಕ್ಕ ಗಂಡನನ್ನು ಕೈ ಹಿಡಿದು ಕರೆದುಕೊಂಡು ಹೋಗಿ, ಅವರ ಹೆಬ್ಬೆರಳಿನಿಂದಲೇ ಒಂದು ಬೊಬ್ಬೆಯನ್ನು ಒತ್ತಿಸಿದಳು. ಒಳಗಿಂದ ನೀರು ಚಿಮ್ಮಿ ಅವರ ಬಿಳಿ ಅಂಗಿಯ ತೋಳಿಗೆ ಬಿತ್ತು. "ಇದು ನನ್ನ ಬೆವರೇನ್ರಿ?" ಅಂದಳು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಭಾವ ತೋಳು ಒರೆಸಿಕೊಂಡು ಹೊರಗೆ ಹೋದರು, ಅಷ್ಟೇ.

ಆ ಕೋಣೆಯ ನೆಲದಡಿ ಏನಿದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಗೇವು. ನೆಲದೊಳಗೆ ಜೋಳ ಕಾಯ್ದಿಡುವ ಆಳದ ಕುಣಿ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಕಾಲುವೆ ಬಂದ ಮೇಲೆ ಜೋಳ ನಿಂತು ಅದರ ಕೆಲಸವೂ ನಿಂತಿತು. ಹಗೇವನ್ನು ಮಣ್ಣು ಹಾಕಿ ಮುಚ್ಚಬಾರದು, ಬರಿದೂ ಇಡಬಾರದು, ಮನೆತನದ ಸಿರಿ ಹೋಗುತ್ತದೆ ಅನ್ನುವ ನಂಬಿಕೆ. ಹಾಗಾಗಿ ಭಾವ ಒಂದು ಚೀಲ ಜೋಳವನ್ನು ತಳದಲ್ಲಿ ಬಿಟ್ಟು, ಬಾಯಿಯ ಮೇಲೆ ಪರಸಿ ಕಲ್ಲು ಹಾಕಿ, ಸಿಮೆಂಟು ಹಚ್ಚಿ, ಕೋಣೆಗೆಲ್ಲ ಹೊಸ ನೆಲ ಮಾಡಿಸಿದ್ದರು. ದೀಪಾವಳಿಗೊಮ್ಮೆ ಅತ್ತೆ ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

ಅಕ್ಕ ಎಷ್ಟೋ ಸಲ ಅದನ್ನು ತೆಗೆಸಿ ನೋಡಲು ಕೇಳಿದ್ದಳು. ಭಾವನದು ಒಂದೇ ಉತ್ತರ: "ನಮ್ಮ ಮುತ್ತ್ಯಾನ ಕಾಲದ ಹಗೇವು ಅದು. ಇಡೀ ಮನ್ಯಾಗ ಒಣಾ ಜಾಗಾ ಅಂದ್ರ ಅದೊಂದ. ಹನಿ ನೀರು ಕಂಡಿಲ್ಲ."

"ನಿಮ್ಮ ಮುತ್ತ್ಯಾನ ಕಾಲದಾಗ ಹಿತ್ತಲದಾಗ ಭತ್ತ ಹಚ್ಚಿದ್ರೇನ್ರಿ?"

ಭಾವನ ಸಿಟ್ಟಿನ ಗುಟ್ಟು ಇದ್ದದ್ದೇ ಇಲ್ಲಿ. ನೀರು ಅಂತ ಒಪ್ಪಿದರೆ ಹಿತ್ತಲ ಗದ್ದೆ ಬಿಡಬೇಕಾಗುತ್ತಿತ್ತು. ಅದಕ್ಕಿಂತ ಹೆಂಡತಿ ಹೊಲಸು ಅಂತ ಒಪ್ಪುವುದು ಸುಲಭ.

ಇಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. ತವರಿನಿಂದ ತೊಟ್ಟಿಲ ಕೂಸನ್ನು ಕಟ್ಟಿಕೊಂಡು ಬಂದೆ. ಕೂಸಿಗೆ ಗಾಳಿ ತಾಗಬಾರದು, ಬಾಣಂತಿಗೆ ಕತ್ತಲ ಕೋಣೆಯೇ ಬೇಕು ಅಂತ ಅತ್ತೆ ನಮ್ಮಿಬ್ಬರನ್ನೂ ಆ ಹಿಂದಿನ ಕೋಣೆಗೆ ಹಾಕಿ, ಅಕ್ಕನನ್ನು ಮುಂದಿನ ಕೋಣೆಗೆ ಕಳಿಸಿದರು. ಅಕ್ಕ ಬೇಡ ಬೇಡ ಅಂತ ಬಡಿದುಕೊಂಡಳು. ಯಾರು ಕೇಳಬೇಕು? ನನ್ನ ಗಂಡನಂತೂ ಅಣ್ಣ ಅಂದದ್ದೇ ವೇದ ಅನ್ನುವ ಮನುಷ್ಯ. ಕಿಟಕಿಯಿಲ್ಲದ ಕೋಣೆ, ಬಾಗಿಲಿಗೆ ಕಂಬಳಿ, ಒಳಗೆ ಲೋಬಾನದ ಹೊಗೆ. ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಉಸಿರಿಗಾಗಿ ಬಾಯಿ ತೆರೆಯುತ್ತಿತ್ತು. ಔಷಧ ತಂದರೆ ಎರಡು ದಿನ ಆರಾಮ, ಮೂರನೆಯ ದಿನ ಮತ್ತೆ ಅದೇ. ಕೂಸು ನೋಡಲು ಬಂದ ಓಣಿಯ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಹಿರೀ ಸೊಸಿ ಕೈ ಅಷ್ಟಕ್ಕಷ್ಟ ಕಾಣ್ತದ," ಅಂದಳು. ಕೂಸಿನ ಉಸಿರಿನ ಸದ್ದು ಆಕೆಗೆ ಕೇಳಲಿಲ್ಲ.

ಅಮಾವಾಸ್ಯೆಗೆ ಮನೆಮಂದಿಯೆಲ್ಲ ಅಬ್ಬೆತುಮಕೂರಿನ ಮಠಕ್ಕೆ ಹೊರಟರು. ಬಾಣಂತಿಯ ಜೊತೆಗೆ ಒಬ್ಬರು ಇರಬೇಕಲ್ಲ, ಅಕ್ಕ ಉಳಿದಳು. ಅವರ ಗಾಡಿ ಓಣಿ ದಾಟಿದ್ದೇ ತಡ, ನನ್ನನ್ನೂ ಕೂಸನ್ನೂ ಪಡಸಾಲೆಗೆ ಕಳಿಸಿ, ಸೆರಗು ಸಿಕ್ಕಿಸಿ, ದನದ ಕೊಟ್ಟಿಗೆಯಿಂದ ಹಾರೆ ತಂದಳು. ಆ ಕಲ್ಲಿಗೆ ಮೊದಲು ಕೈ ಮುಗಿದಳು. "ಸಿರಿ ಒಳಗ ಇದ್ದಿದ್ರ ನೀನೂ ಮ್ಯಾಲೆ ಬಾ ತಾಯಿ, ನಿನಗೂ ಉಸಿರು ಕಟ್ಟಿರಬೇಕು," ಅಂದಳು. ಆಮೇಲೆ ಸಿಮೆಂಟು ಒಡೆಯುವ ಸದ್ದು.

ಕಲ್ಲು ಸರಿದಾಗ ಬಂದ ನಾತ ಪಡಸಾಲೆಯವರೆಗೂ ಬಂತು. ಹಗೇವಿನೊಳಗೆ ಯಾರೂ ಸುಮ್ಮನೆ ಇಳಿಯುವುದಿಲ್ಲ, ಮೊದಲು ದೀಪ ಬಿಡುವುದು ನಮ್ಮ ಕಡೆಯ ರೂಢಿ. ಅಕ್ಕ ಕಂದೀಲು ಹಚ್ಚಿ ಹಗ್ಗದಿಂದ ಇಳಿಬಿಟ್ಟಳು. ನಾನು ಆಕೆಯ ಬೆನ್ನ ಹಿಂದೆ ನಿಂತು ಬಗ್ಗಿ ನೋಡಿದೆ. ಒಂದು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿಹೋಯಿತು. ಆರುವ ಮುಂಚೆ ಕೆಳಗೆ ಕರಿ ನೀರು ಮಿನುಗಿದ್ದನ್ನು ಇಬ್ಬರೂ ಕಂಡೆವು.

"ನೋಡು ತಂಗಿ," ಅಂದಳು. "ದೀಪಕ್ಕ ಉಸಿರು ಸಿಗವಲ್ದು. ನಿನ್ನ ಕೂಸಿಗಿ ಎಲ್ಲಿಂದ ಸಿಗಬೇಕು?"

ಸಂಜೆ ಮನೆಮಂದಿ ಬಂದಾಗ ಅಕ್ಕ ಕೋಣೆಯ ಬಾಗಿಲಲ್ಲೇ ಕುಳಿತಿದ್ದಳು. ಉದ್ದದ ಗಳಕ್ಕೆ ಬಕೆಟ್ಟು ಕಟ್ಟಿ ಎತ್ತಿದ್ದ ಕೊಳೆತ ಜೋಳ ಅಂಗಳದಲ್ಲಿ ಬಿದ್ದಿತ್ತು, ಮೇಲೆ ಬಿಳಿ ಬೂಸು, ಒಳಗೆ ಕರಿ ಮುದ್ದೆ. ಅತ್ತೆ ಹಣೆ ಬಡಿದುಕೊಂಡರು. ಭಾವ ಆ ಜೋಳ ನೋಡಿದರು, ನೀರು ನೋಡಿದರು, ಗೊರಗೊರ ಅನ್ನುವ ಕೂಸನ್ನೂ ನೋಡಿದರು. ನೋಡಿ ಆಡಿದ ಮೊದಲ ಮಾತು, "ಯಾರನ್ನ ಕೇಳಿ ಒಡದಿ?"

ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಇಷ್ಟು ವರ್ಷ ನಿನ್ನ ಮೇಲೆ ಸುಳ್ಳು ಹೊರಿಸಿದೆವು ಅಂತ ಒಬ್ಬರೂ ಅನ್ನಲಿಲ್ಲ. ಅತ್ತೆ ಅನ್ನಲಿಲ್ಲ, ಸೆರಗು ಮೂಗಿಗೆ ಒತ್ತಿಕೊಂಡಿದ್ದ ಓಣಿಯ ಹೆಂಗಸೂ ಅನ್ನಲಿಲ್ಲ. ಹಗೇವು ಒಡೆದವಳು ಅಂತ ಹೊಸ ಹೆಸರು ಮಾತ್ರ ಇಟ್ಟರು.

ಅಕ್ಕ ಯಾರ ಒಪ್ಪಿಗೆಗೂ ಕಾಯಲಿಲ್ಲ. ಹಗೇವು ವಾರಗಟ್ಟಲೆ ಬಾಯಿ ತೆರೆದು ಗಾಳಿಯಾಡಿದ ಮೇಲೆ, ನೀರು ಎತ್ತಿ ಹಾಕಿ, ನಾವಿಬ್ಬರೇ ಬುಟ್ಟಿ ಬುಟ್ಟಿ ಗರಸು ಮಣ್ಣು ಹೊತ್ತು ತುಂಬಿದೆವು. ಕಲ್ಲು ಸರಿಸಿದ ರಾತ್ರಿಯೇ ನನ್ನನ್ನೂ ಮಗಳನ್ನೂ ಬೆಳಕು ಬರುವ ಮುಂದಿನ ಕೋಣೆಗೆ ಹಾಕಿ, ಬಾಗಿಲ ಕಂಬಳಿ ಕಿತ್ತೆಸೆದಿದ್ದಳು. ಮಗಳ ಎದೆ ಆ ಚಳಿಗಾಲ ಮುಗಿಯುವುದರೊಳಗೆ ಶಾಂತವಾಯಿತು. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಅಕ್ಕ ಹಿಂದಿನದಕ್ಕೇ ಹೋದಳು. ಹಗೇವು ತುಂಬಿದರೂ ಗೋಡೆಯ ಆಚೆಯ ಗದ್ದೆ ಹಾಗೇ ಇತ್ತು. ಭಾವ ಅದನ್ನು ಬಿಡಲಿಲ್ಲ. ನಾನೂ ಕೇಳಿದೆ, ಜಗಳವಾಡಿದೆ, ಬಿಡಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಗಂಡನ ಕೆಲಸದ ಸಲುವಾಗಿ ನಾವು ಶಹಾಪುರಕ್ಕೆ ಬಂದೆವು. ಬಾಡಿಗೆ ಮನೆ ಹುಡುಕಲು ಅಕ್ಕನನ್ನೇ ಕರೆಸಿದೆ. ಮಾಲಕರು ಬೆಳಕು, ನಳ, ಕಪಾಟು ತೋರಿಸುತ್ತಿದ್ದರೆ ಈಕೆ ಬಗ್ಗಿ ಮೂಲೆ ಮೂಸುತ್ತಿದ್ದಳು. ಗೋಡೆಯ ಕಪಾಟನ್ನು ತೆರೆದು ಒಳಗೇ ಮುಖ ಇಡುತ್ತಿದ್ದಳು. "ಹೊಸ ಸುಣ್ಣ ಬಳದಾರ ಅಂದ್ರ ಮೊದಲು ಬುಡ ನೋಡು ತಂಗಿ. ಮುಚ್ಚಿದ ಕೋಣಿ ತೆಗದ ಕೂಡಲೇ ಮೂಸಬೇಕು, ಆಮ್ಯಾಲ ಮೂಗು ರೂಢಿ ಮಾಡ್ಕೋತದ," ಅಂತ ಹೇಳಿಕೊಟ್ಟದ್ದು ಆಗಲೇ. ಒಬ್ಬ ಮಾಲಕರಿಗೆ, "ನಿಮ್ಮ ಬಚ್ಚಲದ ಪೈಪು ಗ್ವಾಡಿ ಒಳಗ ಸೋರಾಕತ್ತದ್ರಿ," ಅಂದಾಗ ಅವರು, "ಏನ್ ಹೆಣ್ಣುಮಗಳಪಾ ಈಕಿ," ಅಂತ ಮುಖ ತಿರುವಿದರು. ಮುಂದೆ ಅದೇ ಗೋಡೆಯನ್ನು ಅವರು ಒಡೆಸಿದ್ದನ್ನು ನಾನೇ ಕಂಡೆ. ಆ ಸುದ್ದಿ ಹೇಳಿದಾಗ ಅಕ್ಕ ಎಷ್ಟು ನಕ್ಕಳೆಂದರೆ ಕೆಮ್ಮು ಹತ್ತಿ ಕುಳಿತುಬಿಟ್ಟಳು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಕೆಮ್ಮು ದಮ್ಮಾಯಿತು. ದಮ್ಮು ಬಲಿತ ಮೇಲೆ ಯಾದಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮನ್ಯಾಗ ಗ್ವಾಡಿ ಹಸಿ ಇರ್ತಾವೇನ್ರಿ? ಮುಗ್ಗಲು ವಾಸನಿ ಬರ್ತದೇನು?" ಅಂದರು.

"ಅಂಥಾದ್ದೇನಿಲ್ರಿ ಸಾಹೇಬ್ರ," ಅಂದರು ಭಾವ. "ಇದು ಅಕಿ ತವರುಮನಿ ದಮ್ಮರಿ. ರಂಗಂಪೇಟಿಯಿಂದ ತಂದಾಳ."

ಅಕ್ಕನಿಗೆ ಮಾತಾಡಲು ಉಸಿರಿರಲಿಲ್ಲ. ನನ್ನನ್ನು ನೋಡಿದಳು. ನಾನು ಡಾಕ್ಟರ ಮೇಜಿನ ಮುಂದೆ ನಿಂತು ಗದ್ದೆ, ಗೋಡೆ, ಪೇಂಟು, ಹಗೇವು ಎಲ್ಲವನ್ನೂ ಹೇಳಿದೆ. ಭಾವ ಎರಡು ಸಲ ಸುಮ್ಮನಿರು ಅಂದರು, ನಾನು ಇರಲಿಲ್ಲ. ಒಣಗಿದ, ಗಾಳಿಯಾಡುವ ಜಾಗದಲ್ಲಿ ಇಡಿ ಅಂದರು ಡಾಕ್ಟರು. ಶಹಾಪುರದ ನಮ್ಮ ಮನೆಗೆ ಕರೆದೊಯ್ಯುತ್ತೇನೆ ಅಂದೆ. ಹಿರಿಯ ಸೊಸೆ ಮೈದುನನ ಮನೆಯಲ್ಲಿ ಬಿದ್ದರೆ ಮಂದಿ ಏನಂದಾರು ಅಂತ ಭಾವ ಒಪ್ಪಲಿಲ್ಲ. ಮಂದಿಯಂತೆ! ಗಾಡಿ ಹತ್ತುವ ಮುಂಚೆ ಅಕ್ಕ ನನ್ನ ಮುಂಗೈ ಹಿಡಿದು, "ನೀ ಹೇಳಿದಿಯಲ್ಲ, ಸಾಕು ತಂಗಿ," ಅಂದಳು. ಒಂದೊಂದು ಮಾತಿಗೂ ನಿಂತು ನಿಂತು ಅಂದಳು.

ಕಾಲುವೆ ತುಂಬಿ ಹರಿಯುವ ಹೊತ್ತಿನಲ್ಲೇ ಅಕ್ಕ ತೀರಿಹೋದಳು. ನನ್ನ ಮಗಳು ಇವತ್ತು ತುಂಬು ಉಸಿರಾಡುತ್ತಾಳೆ. ಅದು ಅಕ್ಕ ಬಿಟ್ಟುಕೊಟ್ಟ ಉಸಿರು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಈ ಋಣ ತೀರಿಸುವ ದಾರಿ ನನಗೆ ಕಂಡಿಲ್ಲ.

ಮಣ್ಣು ಮಾಡುವ ದಿನವೂ ಕಟ್ಟೆಯ ಮೇಲೆ ಕುಳಿತು ಭಾವ ಬಂದವರಿಗೆಲ್ಲ, "ತವರಿನ ದಮ್ಮು, ನಾವೇನ್ ಮಾಡಾಕಾಗ್ತದ," ಅಂತ ಹೇಳುತ್ತಿದ್ದರು. ಅಷ್ಟರಲ್ಲಿ ರಂಗಂಪೇಟೆಯಿಂದ ಅಕ್ಕನ ತಾಯಿ ಬಂದಳು. ಹಣ್ಣು ಹಣ್ಣು ಮುದುಕಿ, ಬಸ್ಸಿಳಿದು ಊರ ಹೊರಗಿನಿಂದ ನಡೆದೇ ಬಂದಿದ್ದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಡೆ ಹೆಂಗಸರು ಅಳುವ ಹಾಗೆ, ಹುಟ್ಟಿದ್ದು ಬೆಳೆದದ್ದು ಕೊಟ್ಟದ್ದು ಎಲ್ಲವನ್ನೂ ಹಾಡಿಕೊಂಡು ಅಳತೊಡಗಿದಳು. ಓಣಿಯ ಕೊನೆಯವರೆಗೂ ಕೇಳುವ ದನಿ. ಭಾವ ಮಾತು ನಿಲ್ಲಿಸಿದರು. ಮಣ್ಣಿಗೆ ಎತ್ತುವವರೆಗೂ ಆ ಮುದುಕಿ ಹಾಡಿ ಹಾಡಿ ಅತ್ತಳು. ಪಕ್ಕದಲ್ಲೇ ಕುಳಿತಿದ್ದೆ ನಾನು. ಆಕೆ ಒಂದು ಸಲವೂ ಕೆಮ್ಮಲಿಲ್ಲ.