ಗೆರೆ ಇಲ್ಲದ ಎರಡು ಊರು

ಇತಿಹಾಸದ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳಿಗೆ ನೆನಪಿರುವುದು ಒಬ್ಬ ರಾಜ ಸತ್ತದ್ದು, ಇನ್ನೊಬ್ಬ ಬಂದದ್ದು, ಅಷ್ಟೆ. ಬೀದರಿನಲ್ಲಿ ಇರುವವರಿಗೆ ಕೋಟೆ ದಿನಾ ಕಾಣುತ್ತದೆ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ?

ಇತಿಹಾಸದ ಎಂ.ಎ. ಓದುವ ಮೊಮ್ಮಗಳು ಶಿಲ್ಪಾಳ ಕೆಲಸದಲ್ಲಿ ರಾಜರೇ ಇಲ್ಲ. ಬರಗಾಲದಲ್ಲಿ ನಮ್ಮ ಕಡೆಯ ಜನ ಹೈದರಾಬಾದಿಗೆ ದುಡಿಯಲು ಹೋದರಲ್ಲ, ಯಾರನ್ನು ಯಾರು ಕರೆಸಿದರೆಂದು ಊರೂರು ತಿರುಗಿ ಮುದುಕರನ್ನು ಕೇಳಿದ್ದಾಳೆ. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಕರೆಸಿದವರಿಂದ ಹೋದವರಿಗೆ ಒಂದು ಗೆರೆ. ಕಂಪ್ಯೂಟರಿನಲ್ಲಿ ನೋಡಿದರೆ ಕೋಳಿ ಕೆದರಿದ ರಂಗೋಲಿ. ಅದಕ್ಕೆ 'ಸಂಬಂಧಗಳ ಜಾಲ' ಎಂಬ ದೊಡ್ಡ ಹೆಸರು ಬೇರೆ. ಹೆಣ್ಣು ಕೊಡುವ ಮೊದಲು ನಾವು ಮಾಡುವುದು ಇನ್ನೇನು? ಹುಡುಗನ ಸೋದರತ್ತೆಯನ್ನು ಎಲ್ಲಿ ಕೊಟ್ಟಿದ್ದಾರೆ, ಆ ಮನೆಯ ಸೊಸೆ ಯಾರ ಮಗಳು, ಅವರ ಬಾವಿಗೆ ಯಾರು ಬಿದ್ದಿದ್ದರು, ಎಲ್ಲ ಗೆರೆ ಹಿಡಿದು ಹೋಗಿ ಬರುತ್ತೇವೆ. ನಮಗೆ ಪದವಿ ಕೊಡಲಿಲ್ಲ, ಊಟ ಹಾಕಿದರು.

ಮೊನ್ನೆ ಅವಳು ಮುಖ ಸಪ್ಪೆ ಮಾಡಿ ಕೂತಿದ್ದಳು. ಭಾಲ್ಕಿ ಕಡೆಯ ಹಲಬರ್ಗಾದವರದು ಒಂದು ಗುಂಪು, ಔರಾದ ಕಡೆಯ ಚಿಂತಾಕಿಯವರದು ಇನ್ನೊಂದು. ದುಡಿದದ್ದು ಒಂದೇ ಕಟ್ಟಡದಲ್ಲಿ, ನಡುವೆ ಒಂದೂ ಗೆರೆ ಇಲ್ಲ. ಎರಡೂರಿಗೆ ಸಂಬಂಧವೇ ಇರಲಿಲ್ಲ ಎಂದು ಸೋಮವಾರ ಕಾಲೇಜಿನಲ್ಲಿ ಓದಬೇಕು. ಹಲಬರ್ಗಾದ ಗುಂಪಿನ ಅಂಚಿನಲ್ಲಿ ನನ್ನದೂ ಒಂದು ಚುಕ್ಕಿ ಇತ್ತು: ಮಹಾದೇವಿ, ಗಂಡನ ಹಿಂದೆ ಹೋದವಳು.

"ಚಿಂತಾಕಿಯವರನ್ನ ಯಾರು ಕರ್ಸಿದ್ರಂತ?" ಎಂದೆ.

"ಯಾರೋ ಗುಂಡಮ್ಮ ಅಂತ, ಆಯಿ. ಎಲ್ಲಾರೂ ಆಕಿ ಹೆಸರೇ ಹೇಳ್ತಾರ. ಆಕಿ ಯಾರ ಸಂಗಾಟ ಹೋಗಿದ್ಳು, ಒಬ್ಬರಿಗೂ ಗೊತ್ತಿಲ್ಲ. ಸತ್ತಿರಬೇಕು."

"ಸತ್ತಿಲ್ಲ. ಈಗಷ್ಟೇ ನಿನಗ ಚಾ ಕೊಟ್ಟಾಳ."

ಮದುವೆಯ ದಿನ ಸೊಸೆಯ ಹೆಸರು ಬದಲಿಸುವುದು ನಮ್ಮ ಕಡೆಯ ಪದ್ಧತಿ. ನನ್ನ ಅತ್ತೆಯ ಹೆಸರೂ ಗುಂಡಮ್ಮ. ಸೊಸೆಯನ್ನು ಬೈದರೆ ಅತ್ತೆಗೆ ಬೈದಂತಾಗುತ್ತದಲ್ಲ! ಹೀಗಾಗಿ ನಾನು ಮಹಾದೇವಿಯಾದೆ. ತವರು ಚಿಂತಾಕಿ ಎಂದು ಮೊಮ್ಮಗಳಿಗೆ ಗೊತ್ತು, ಆದರೆ ಮದುವೆಗೆ ಅವಳ ಜಾಲದಲ್ಲಿ ಗೆರೆ ಇಲ್ಲ; ತವರಿನ ಹೆಸರಂತೂ ಗೊತ್ತೇ ಇಲ್ಲ. ಕರೆಯುವವರಿದ್ದರೆ ತಾನೆ ಗೊತ್ತಾಗುವುದು? ತಮ್ಮಂದಿರು ಹೈದರಾಬಾದಿನಲ್ಲೇ ಉಳಿದು, ಅಲ್ಲೇ ಮಣ್ಣಾದರು.

ಅವಳು ಎರಡು ಚುಕ್ಕಿ ಕೂಡಿಸಿದಳು. ಗೆರೆಗಳೆಲ್ಲ ಅಲುಗಾಡಿ ಜರುಗಿ, ಎರಡೂ ಊರು ಬಂದು ಒಂದೇ ಚುಕ್ಕಿಗೆ ಜೋತುಬಿದ್ದವು.

"ಆಯಿ, ಇದೊಂದು ತೆಗೆದ್ರ ಎರಡೂರು ಹರ್ಕೊಂಡು ಹೋಗ್ತಾವ. ಎಂಥಾ ದೊಡ್ಡ ಕೆಲಸಾ ಮಾಡೀದಿ ನೀ!"

"ಎಲ್ಲೀ ದೊಡ್ಡ ಕೆಲಸಾ? ನಿಮ್ಮಜ್ಜನ ಊರಿನವರು ನನ್ನ ರೊಟ್ಟಿಗಿ ಕೊಂಕು ತೆಗೀತಿದ್ರು. ನನ್ನ ಕಡಿಂದ ಜಗಳಾಡ್ಲಿಕ್ಕ ಮಂದಿ ಬೇಕಾಗಿತ್ತು, ಕರ್ಸಿದೆ."

ಚಿಂತಾಕಿಯ ಬಾವಿ ಬತ್ತಿದ್ದೂ ನಿಜವೇ. ಆದರೆ ಮೊದಲು ನೆನಪಾದದ್ದು ಜಗಳ. ಕಂಪ್ಯೂಟರಿಗೆ ಅದೆಲ್ಲ ಬೇಕಿಲ್ಲ. ಹಸಿವಿನ ಗೆರೆಯೂ ಸಿಟ್ಟಿನ ಗೆರೆಯೂ ಅಲ್ಲಿ ಒಂದೇ ದಪ್ಪ.

"ಒಂದು ಚುಕ್ಕಿಗಿ ಒಂದೇ ಹೆಸರು, ಆಯಿ. ಯಾವ್ದು ಇಡ್ಲಿ?"

ಬೀದಿಯಲ್ಲಿ ಯಾರಾದರೂ ಗುಂಡಮ್ಮ ಎಂದು ಕೂಗಿದರೆ ಈಗ ನಾನೇ ಹೊರಳಿ ನೋಡಲಿಕ್ಕಿಲ್ಲ.

"ಗುಂಡಮ್ಮ ಅಂತ ಬರಿ," ಎಂದೆ. "ಮಹಾದೇವಿಗಿ ರೇಷನ್ ಕಾರ್ಡ್ ಅದ."