ಗಾಡಿಯಡಿಯ ಬಿಳಿ ಶರ್ಟು

ನನ್ನ ಗಂಡನಿಗೆ ಇಬ್ಬರು ಹೆಂಡಿರು ಎಂದು ನಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಒಬ್ಬಳು ನಾನು, ಹೊಲಿಗೆ ಮಿಷನ್ನಿನವಳು. ಇನ್ನೊಬ್ಬಳು ಡಾಕ್ಟರಮ್ಮನವರ ಕಪ್ಪು ಎಸ್‌ಯುವಿ. ಏಳು ಜನ ಕಾಲು ಚಾಚಿ ಕೂರುವಷ್ಟು ದೊಡ್ಡ ಗಾಡಿ ಅದು. ಹನ್ನೊಂದು ವರ್ಷದಿಂದ ಅದನ್ನು ಓಡಿಸಿದವರು ಇವರೊಬ್ಬರೇ. ನಮ್ಮ ಮದುವೆಯಾದ ತಾರೀಖು ಇವರಿಗೆ ನೆನಪಿರುವುದಿಲ್ಲ. ಗಾಡಿಯ ಟೈರು ಯಾವ ತಿಂಗಳು ಬದಲಾಯಿಸಿದ್ದು ಎಂದು ಕೇಳಿ, ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ.

ಸೀಟಿನ ಹೊಲಿಗೆಯ ಸಂದಿನಲ್ಲಿ ಧೂಳು ಕೂತರೆ ಹಳೇ ಟೂತ್‌ಬ್ರಷ್ಷಿನಿಂದ ತೆಗೆಯುತ್ತಾರೆ. ಹತ್ತುವವರು ಯಾರೇ ಆಗಲಿ, ಎರಡು ಸಲ ಚಪ್ಪಲಿ ಕುಟ್ಟಿ ಧೂಳು ಕೊಡವಿಯೇ ಹತ್ತಬೇಕು. ಡಾಕ್ಟರಮ್ಮನವರೂ ಕುಟ್ಟುತ್ತಾರೆ. ನಾನು ಒಮ್ಮೆ ಕುಟ್ಟದೆ ಹತ್ತಿದ್ದಕ್ಕೆ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ನಾನೇನು ಕಮ್ಮಿಯೇ? ಮೂರು ದಿನ ಮಾತು ಬಿಟ್ಟೆ.

ಈಗ ಡಾಕ್ಟರಮ್ಮನವರು ಆಸ್ಪತ್ರೆ ಕೆಲಸ ಸಾಕು ಮಾಡಿ, ಬೇರೆ ಊರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಗಾಡಿ ಮಾರಾಟಕ್ಕಿದೆ ಎಂದು ಪೇಪರಿನಲ್ಲಿ ಹಾಕಿಸುವಾಗ ಕೊನೆಗೊಂದು ಸಾಲು ಸೇರಿಸಿದ್ದರು: ‘ಬೇಕಿದ್ದರೆ ಡ್ರೈವರನ್ನೂ ಕರೆದುಕೊಳ್ಳಬಹುದು.’ ನಮ್ಮ ಬದುಕೆಲ್ಲ ಆ ಒಂದು ಸಾಲಿನಲ್ಲಿತ್ತು. ಐವತ್ತೆರಡು ದಾಟಿದವರಿಗೆ ಹೊಸದಾಗಿ ಯಾರು ಕೆಲಸ ಕೊಡುತ್ತಾರೆ? ಕೊಟ್ಟರೂ ಬೇರೆ ಗಾಡಿಯಲ್ಲಿ ಕೂರಲು ಇವರಿಗೆ ಮನಸ್ಸು ಬರಬೇಕಲ್ಲ!

ಮೊದಲ ವಾರ ಮೂವರು ಬಂದರು. ಮೂವರೂ ಬಂದವರೇ ಮುಂದಿನ ಬಾಗಿಲು ತೆಗೆದು ಸ್ಟಿಯರಿಂಗ್ ಹಿಡಿದು ಕೂತರು. ತಾವೇ ಓಡಿಸುವ ಆಸೆಯವರು, ಇವರಿಗೇನು ಕೆಲಸ ಕೊಟ್ಟಾರು? ವ್ಯಾಪಾರ ಕುದುರಲಿಲ್ಲ ಎಂದು ಡಾಕ್ಟರಮ್ಮನವರಿಗೆ ಬೇಸರ, ನನಗೆ ಒಳಗೊಳಗೇ ಖುಷಿ. ಹಿಂದಿನ ಬಾಗಿಲು ತೆಗೆಯುವವರು ಒಬ್ಬರಾದರೂ ಬರಲಿ ಎಂದು ಕಾಯುತ್ತಿದ್ದೆ.

ಶನಿವಾರ ಬರುವವರು ಕಟ್ಟಡ ಕಟ್ಟಿಸುವ ಕಾಂಟ್ರ್ಯಾಕ್ಟರಮ್ಮ. “ದಿನಕ್ಕೆ ನಾಲ್ಕು ಸೈಟು ಸುತ್ತುತ್ತಾರಂತೆ ಕಣೇ. ಡ್ರೈವರ್ ಇಲ್ವಂತೆ!” ಎಂದು ಇವರು ಹಿಂದಿನ ದಿನದಿಂದಲೇ ಕುಣಿದಾಡಿದ್ದರು. ಬೆಳಿಗ್ಗೆ ಐದಕ್ಕೆಲ್ಲ ಎದ್ದು ಹೊರಟೇಬಿಟ್ಟರು. ನಾನೂ ಸುಮ್ಮನಿರಲಾರದೆ, ಊಟದ ಡಬ್ಬಿಯ ನೆಪ ಮಾಡಿಕೊಂಡು ಹತ್ತು ಗಂಟೆಗೆ ಡಾಕ್ಟರಮ್ಮನವರ ಗೇಟಿನ ಒಳಗಿದ್ದೆ.

ಗಾಡಿ ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕ ನಾನು ನೀಲಿ ಹಾಕಿ ಒಗೆದು, ಗರಿಗರಿಯಾಗಿ ಇಸ್ತ್ರಿ ಮಾಡಿದ್ದ ಬಿಳಿ ಶರ್ಟಿನಲ್ಲಿ ಇವರು. ಕಾಂಟ್ರ್ಯಾಕ್ಟರಮ್ಮ ಹತ್ತಿರ ಬಂದದ್ದೇ ತಡ, ಇವರು “ಅಮ್ಮಾ, ಹತ್ತೋ ಮುಂಚೆ ಚಪ್ಪಲಿ ಎರಡು ಸಲ ಕುಟ್ಟಿಬಿಡಿ” ಎಂದರು. ನಾನು ನಾಲಿಗೆ ಕಚ್ಚಿಕೊಂಡೆ. ಆಕೆ ಇವರನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಹತ್ತದೆಯೇ ಹಿಂದೆ ಸರಿದರು.

ಅವರ ಜೊತೆಗೊಬ್ಬ ವಯಸ್ಸಾದ ಮೆಕ್ಯಾನಿಕ್ ಬಂದಿದ್ದ. ಎಲ್ಲವನ್ನೂ ಮೂಸಿ ನೋಡುವವನಾದ್ದರಿಂದ ಎಲ್ಲರೂ ಅವನನ್ನು ಮೂಗು ಮೇಸ್ತ್ರಿ ಎನ್ನುತ್ತಾರಂತೆ. ಸೀಟು ಮೂಸಿದ, ಡಿಕ್ಕಿಯ ಕಾರ್ಪೆಟ್ಟು ಎತ್ತಿ ಮೂಸಿದ. ಕೊನೆಗೆ ಬಾನೆಟ್ ಎತ್ತಿದವನು ಹಾಗೆಯೇ ನಿಂತುಬಿಟ್ಟ.

“ಎಂಜಿನ್ ತೊಳ್ದಿದೀರಾ?”

“ಹೂಂ ಮತ್ತೆ! ಬೆಳಿಗ್ಗೆ ಐದೂವರೆಯಿಂದ. ಒದ್ದೆ ಬಟ್ಟೆ, ಸಣ್ಣ ಬ್ರಷ್ಷು, ಒಂದೊಂದು ಮೂಲೇನೂ ಬಿಟ್ಟಿಲ್ಲ” ಎಂದು ಇವರು ಎದೆಯುಬ್ಬಿಸಿದರು.

ಮೇಸ್ತ್ರಿ ಕಾಂಟ್ರ್ಯಾಕ್ಟರಮ್ಮನ ಕಡೆ ತಿರುಗಿದ. “ಬೇಡಿ ಮೇಡಂ. ತೋರಿಸೋ ದಿನಾನೇ ಎಂಜಿನ್ ತೊಳೆಯೋದು ಆಯಿಲ್ ಸೋರೋ ಗಾಡಿಯವರು. ಕಲೆ ಕಾಣಬಾರದಲ್ಲ, ಅದಕ್ಕೆ.”

ಇವರ ಮುಖದಲ್ಲಿ ರಕ್ತವೇ ಇಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹನ್ನೊಂದು ವರ್ಷ ಅಷ್ಟು ಜೋಪಾನ ಮಾಡಿ, ಕೈಯಾರೆ ಕೆಲಸ ಕೆಡಿಸಿಕೊಂಡರಲ್ಲ ಈ ಮನುಷ್ಯ! ಡಾಕ್ಟರಮ್ಮನವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವರು ಟಕಟಕನೆ ಶರ್ಟಿನ ಗುಂಡಿ ಬಿಚ್ಚತೊಡಗಿದರು.

“ರೀ, ಏನ್ರೀ ಇದು!” ಎಂದೆ.

ಬನಿಯನ್ನಿನಲ್ಲಿ ನಿಂತು ಶರ್ಟನ್ನು ಮೇಸ್ತ್ರಿಯ ಮುಂದೆ ಹಿಡಿದರು. “ಎಂಜಿನ್ ಕೆಳಗಿನ ಮುಚ್ಚಳ ಬಿಚ್ಚಿಹಾಕಿ, ಸೋರಿದ್ದು ಅದರಲ್ಲಿ ನಿಲ್ಲಬಾರದು. ಒಂದು ಗಂಟೆ ನೀವೇ ಓಡಿಸಿಕೊಂಡು ಬನ್ನಿ. ಆಮೇಲೆ ಇದರ ಮೇಲೆ ನಿಲ್ಲಿಸಿ. ಒಂದೇ ಒಂದು ಹನಿ ಆಯಿಲ್ ಬಿದ್ದಿದ್ರೆ, ನಾನು ಇನ್ನು ಸ್ಟಿಯರಿಂಗ್ ಮುಟ್ಟಲ್ಲ.”

ಮೇಸ್ತ್ರಿ ಮುಚ್ಚಳ ಬಿಚ್ಚಿದ. ಇವರಿಲ್ಲದೆ ಆ ಗಾಡಿ ಗೇಟು ದಾಟಿದ್ದು ಅದೇ ಮೊದಲು. ಅದು ರಸ್ತೆಯ ಉಬ್ಬಿನ ಹತ್ತಿರ ಹೋದಾಗ ಇವರ ಬಲಗಾಲು ತಾನಾಗಿ ನೆಲದ ಮೇಲೆ ಬ್ರೇಕ್ ಒತ್ತಿತು. ಆ ಕಾಲು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಡಬ್ಬಿ ಬಿಚ್ಚಿದೆ, ಹಾಗೆಯೇ ಮುಚ್ಚಿಟ್ಟೆ.

ಗಂಟೆಯ ಮೇಲೆ ಹತ್ತು ನಿಮಿಷಕ್ಕೆ ಗಾಡಿ ಬಂತು. ಕಾರ್‌ಶೆಡ್ಡಿನ ನೆಲದಲ್ಲಿ ಹಾಸಿದ್ದ ಶರ್ಟಿನ ಮೇಲೆ ಮೇಸ್ತ್ರಿ ಸರಿಯಾಗಿ ನಿಲ್ಲಿಸಿದ. ಎಂಜಿನ್ ಓಡುತ್ತಲೇ ಇತ್ತು. ನಾವೈದೂ ಜನ, ಡಾಕ್ಟರಮ್ಮನವರು ಕೂಡ ನೋಯುವ ಮೊಣಕಾಲು ಹಿಡಿದುಕೊಂಡು, ಬಗ್ಗಿ ನೋಡತೊಡಗಿದೆವು. ಐದು ನಿಮಿಷ. ಹತ್ತು ನಿಮಿಷ. ಏನೂ ಇಲ್ಲ.

ಟಪ್!

ಶರ್ಟಿನ ತೋಳಿನ ಮೇಲೆ ಒಂದು ಹನಿ. ಹಿಂದೆಯೇ ಇನ್ನೊಂದು. ಇವರು ಕಣ್ಣು ಮುಚ್ಚಿಕೊಂಡರು.

ಮೇಸ್ತ್ರಿ ಅಂಗಾತ ಮಲಗಿ ಕೈ ಚಾಚಿದ. ಹನಿಯನ್ನು ಬೆರಳಿನಲ್ಲಿ ಉಜ್ಜಿದ, ಮೂಸಿದ, ಮತ್ತೊಮ್ಮೆ ಮೂಸಿದ. ಆಮೇಲೆ ಮಲಗಿದಲ್ಲೇ ನಗಲು ಶುರು ಮಾಡಿದ.

“ನೀರು! ಏಸಿ ನೀರು ಕಣ್ರೀ! ಸೆಕೆ ಅಂತ ನಾನೇ ದಾರಿಯುದ್ದಕ್ಕೂ ಜೋರಾಗಿ ಹಾಕ್ಕೊಂಡಿದ್ದೆ.”

ಶರ್ಟು ಎಳೆದು ಬಿಸಿಲಿಗೆ ಹಿಡಿದರೆ, ತೋಳು ಒದ್ದೆ ಅಷ್ಟೆ. ಎಲ್ಲೂ ಚುಕ್ಕೆಯಷ್ಟು ಕಪ್ಪಿಲ್ಲ. “ಇಪ್ಪತ್ತು ವರ್ಷದಲ್ಲಿ ಹೊಸ ಗಾಡಿಗಳೂ ಇಷ್ಟು ಚೊಕ್ಕಟ ಇರೋದು ನಾನು ನೋಡಿಲ್ಲ ಮೇಡಂ” ಎಂದ ಮೇಸ್ತ್ರಿ. ಕುಣಿಯಬೇಕು ಅನ್ನಿಸಿತು, ಡಾಕ್ಟರಮ್ಮನವರ ಮುಂದೆ ಹೇಗೆ ಕುಣಿಯುವುದು? ನಿಂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ.

ಬೆಲೆಯ ಮಾತು ಒಳಗೆ ಕಾಫಿ ಆರುವುದರೊಳಗೆ ಮುಗಿಯಿತು. ಆದರೆ ಇವರ ವಿಷಯ ಯಾರೂ ಎತ್ತಲಿಲ್ಲ. ಕೀಲಿಕೈ ಹಿಡಿದು ಹೊರಬಂದ ಕಾಂಟ್ರ್ಯಾಕ್ಟರಮ್ಮ ನೇರ ಗಾಡಿಯ ಮುಂದಿನ ಬಾಗಿಲ ಕಡೆಗೇ ನಡೆದರು. ಮುಗಿಯಿತು ಅಂದುಕೊಂಡೆ. ಇವರು ಬನಿಯನ್ನಿನಲ್ಲೇ, ತಲೆ ತಗ್ಗಿಸಿ, ಬಾಗಿಲಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಆಕೆ ಇವರ ಕೈಯಲ್ಲಿ ಕೀಲಿಕೈ ಇಟ್ಟು ಹಿಂದಕ್ಕೆ ನಡೆದರು. ಹಿಂದಿನ ಬಾಗಿಲು ತೆಗೆದು, ಒಂದು, ಎರಡು ಎಂದು ಎಣಿಸಿದಂತೆ ಚಪ್ಪಲಿ ಕುಟ್ಟಿ, ಹತ್ತಿ ಕೂತರು.

“ಶರ್ಟು ಹಾಕ್ಕೊಳ್ಳಿ. ಮೂರನೇ ಸೈಟಿಗೆ ಆಗಲೇ ತಡ ಆಗಿದೆ.”